ಬಾಗಿಲಾಚೆ ನಿಂತವರ ಮಹಾರಾಜ ಕಾಲೇಜು

ಬೆಳಿಗ್ಗೆ ಹತ್ತರ ಹೊತ್ತಿಗೆ ಮೈಸೂರಿನ ಮಹಾರಾಜ ಕಾಲೇಜನ್ನು ಕಿವಿಯಿಂದಲೇ ಗುರುತು ಹಿಡಿಯಬಹುದು. ರಾಮಸ್ವಾಮಿ ವೃತ್ತದ ಕಡೆ ಸಿಟಿ ಬಸ್ಸುಗಳ ಹಾರನ್ನು, ಸಿಗ್ನಲ್ಲಿಗೆ ಕಾದ ಆಟೋಗಳ ಗುರುಗುರು. ಅಲ್ಲಿಂದ ಕೃಷ್ಣರಾಜ ಬುಲೇವಾರ್ಡಿನ ಮರಗಳ ಸಾಲಿಗೆ ಬಂದರೆ ಆ ಗದ್ದಲ ಹಿಂದೆ ಉಳಿಯುತ್ತದೆ. ಕಾಲೇಜಿನ ಮೊಗಸಾಲೆ ಹತ್ತಿದ ಮೇಲೆ ಕೇಳುವುದೇ ಬೇರೆ. ಒಂದು ಕೋಣೆಯಿಂದ ಹಾಜರಿ ಕೂಗುವ ದನಿ, ಪಕ್ಕದ ಕೋಣೆಯಿಂದ ಅರ್ಥಶಾಸ್ತ್ರದ ಪಾಠ, ಅದರಾಚೆ ಬೆಂಚು ಎಳೆದ ಕಿರ್ರೆನ್ನುವ ಸದ್ದು, ಮೇಲುಗಡೆ ಪಾರಿವಾಳಗಳ ಗುಟುರು. ಸೂರು ಅಷ್ಟು ಎತ್ತರವಾದ್ದರಿಂದ ಮೇಷ್ಟ್ರ ಮಾತು ಕೋಣೆಯಲ್ಲಿ ಒಂದು ಸುತ್ತು ಹಾಕಿಯೇ ಹೊರಗೆ ಬರುತ್ತದೆ. ಬಾಗಿಲು ಹಾಕಿಕೊಂಡು ಪಾಠ ಮಾಡುವ ಪದ್ಧತಿ ಇಲ್ಲಿ ಎಂದೂ ಇದ್ದಂತಿಲ್ಲ. ಹಾಕಿದರೆ ಗಾಳಿಯೂ ಇಲ್ಲ, ಬೆಳಕೂ ಇಲ್ಲ.

ತೆರೆದ ಬಾಗಿಲಿನ ಈ ಕಟ್ಟಡ ಒಳಗೆ ಕೂತವರಿಗೆ ಎಷ್ಟು ಕಲಿಸಿತೋ ಹೊರಗೆ ನಿಂತವರಿಗೂ ಅಷ್ಟೇ ಕಲಿಸಿತು ಎಂಬುದು ನನ್ನ ನಂಬಿಕೆ. ಅದಕ್ಕೆ ಸಾಕ್ಷಿ ನಾನೇ. ಕೆ.ಆರ್. ನಗರದ ಕಡೆಯ ಹಳ್ಳಿಯಿಂದ ಎಪ್ಪತ್ತರ ದಶಕದ ಕೊನೆಗೆ ಬಿ.ಎ. ಓದಲು ಬಂದವನು ನಾನು. ತೆಗೆದುಕೊಂಡ ವಿಷಯ ಇತಿಹಾಸ. ಆದರೆ ಈಗಲೂ ನೆನಪಿನಲ್ಲಿರುವುದು ನನಗೆ ಸಂಬಂಧವೇ ಇಲ್ಲದ ಶೇಕ್ಸ್‌ಪಿಯರ್ ಪಾಠ. ಬಸ್ಸು ತಡವಾದ ದಿನ ನಮ್ಮ ತರಗತಿಗೆ ನುಗ್ಗಲು ಧೈರ್ಯ ಬಾರದೆ ಕಾರಿಡಾರಿನ ಕಂಬಕ್ಕೆ ಒರಗಿ ನಿಲ್ಲುತ್ತಿದ್ದೆ. ಎದುರು ಕೋಣೆಯಲ್ಲಿ ಇಂಗ್ಲಿಷ್ ಮೇಷ್ಟ್ರು ಮ್ಯಾಕ್‌ಬೆತ್ ಓದುತ್ತಿದ್ದರು. ಅರ್ಧ ತಿಳಿಯುತ್ತಿರಲಿಲ್ಲ. ಆದರೆ ರಾಜನನ್ನು ಕೊಂದವನು ಬಾಗಿಲು ಬಡಿಯುವ ಸದ್ದಿಗೆ ಬೆಚ್ಚುವ ಘಟ್ಟಕ್ಕೆ ಬಂದಾಗ ಅವರು ಮೇಜನ್ನು ಬೆರಳ ಗೆಣ್ಣಿನಿಂದ ಕುಟ್ಟಿದರು ನೋಡಿ, ಹೊರಗೆ ನಿಂತ ನನ್ನ ಎದೆಯೂ ಡವಗುಟ್ಟಿತು. ಆಮೇಲೆ ಬಸ್ಸು ಹೊತ್ತಿಗೆ ಸರಿಯಾಗಿ ಬಂದ ದಿನವೂ ನಾನು ತಡಮಾಡಲು ಶುರುಮಾಡಿದೆ.

ನನ್ನನ್ನು ಹೀಗೆ ಮೊದಲು ಹಿಡಿದವನು ಅಟೆಂಡರ್. ಗಂಟೆ ಹೊಡೆಯುವ ಕೆಲಸ ಅವನದಾದ್ದರಿಂದ ಹುಡುಗರ ಬಾಯಲ್ಲಿ ಅವನು ಗಂಟೆಯಣ್ಣ. ಕಂಬದ ಹಿಂದಿನಿಂದ ಬಂದು, ‘ಏನಪ್ಪಾ, ಯಾವ ಕ್ಲಾಸು ನಿಂದು?’ ಎಂದ. ತಡವರಿಸಿದೆ. ಅವನು ಕೋಣೆಯೊಳಗೆ ಒಮ್ಮೆ ಇಣುಕಿ, ‘ಇಲ್ಲಿಗಿಂತ ಆ ಕಿಟಕಿ ತಾವ ನಿಂತ್ಕೊ. ಅಲ್ಲಿ ಚೆನ್ನಾಗಿ ಕೇಳ್ಸುತ್ತೆ. ಕುವೆಂಪು ಅವರು ಪಾಠ ಮಾಡೋವಾಗ ಅಲ್ಲಿ ಜಾಗಕ್ಕೆ ಜಗಳ ಆಗೋದು’ ಎಂದು ಹೊರಟುಹೋದ. ಈ ಕಟ್ಟಡದ ಚರಿತ್ರೆಯ ಮೊದಲ ಪಾಠ ನನಗೆ ಆದದ್ದು ಹೀಗೆ.

ಪುಸ್ತಕದ ಚರಿತ್ರೆ ಇರುವುದು ಇಷ್ಟು. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ಒಂದು ಇಂಗ್ಲಿಷ್ ಶಾಲೆ ತೆರೆದರು. ಶುಲ್ಕವಿಲ್ಲದ ಕಾರಣ ಅದಕ್ಕೆ ರಾಜಾ ಫ್ರೀ ಸ್ಕೂಲ್ ಎಂದು ಹೆಸರು. ಅದೇ ಬೆಳೆದು ಕಾಲೇಜಾಯಿತು. ಈಗಿನ ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1889ರ ನವೆಂಬರಿನಲ್ಲಿ, ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ. ಕಲ್ಲು ಇಟ್ಟವರು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರು ದೊರೆ, ವಿಶ್ವೇಶ್ವರಯ್ಯ ದಿವಾನರು, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ದೇಶೀ ಸಂಸ್ಥಾನವೊಂದು ಕಟ್ಟಿದ ಮೊದಲ ವಿಶ್ವವಿದ್ಯಾನಿಲಯ ಅದು. ಹೊಸ ವಿಶ್ವವಿದ್ಯಾನಿಲಯಕ್ಕೆ ಹೊಸ ಕಟ್ಟಡವೇನೂ ಕಾದಿರಲಿಲ್ಲ. ಮೈಸೂರಿನಲ್ಲಿ ಮಹಾರಾಜ ಕಾಲೇಜು, ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜು, ಇವೆರಡರ ಹೆಗಲ ಮೇಲೆಯೇ ಅದು ನಿಂತಿತು. ಮುಂದೆ ವಿಜ್ಞಾನ ಬೆಂಗಳೂರಿನ ಪಾಲಿಗೂ ಸಾಹಿತ್ಯ, ತತ್ತ್ವಶಾಸ್ತ್ರ, ಚರಿತ್ರೆಗಳು ಮೈಸೂರಿನ ಪಾಲಿಗೂ ಬಂದವು. ಮಾತೇ ಬಂಡವಾಳವಾದ ವಿಷಯಗಳೆಲ್ಲ ಹೀಗೆ ಈ ಎತ್ತರದ ಸೂರಿನ ಕೆಳಗೆ ಬಂದು ಸೇರಿದವು.

ಗಂಟೆಯಣ್ಣನಿಗೆ ಈ ಇಸವಿಗಳಲ್ಲಿ ಆಸಕ್ತಿ ಇರಲಿಲ್ಲ. ಅವನ ಚರಿತ್ರೆ ಕೋಣೆಗಳ ಲೆಕ್ಕದಲ್ಲಿ ಸಾಗುತ್ತಿತ್ತು. ಅವನ ಅಪ್ಪನೂ ಇದೇ ಕಾಲೇಜಿನ ಜವಾನ. ಹಾಗಾಗಿ ತಾನು ಕಂಡದ್ದು, ಅಪ್ಪ ಕಂಡದ್ದು ಎರಡೂ ಅವನ ಬಾಯಲ್ಲಿ ಒಂದೇ ಆಗಿಬಿಟ್ಟಿದ್ದವು. ಟಿ.ಎಸ್. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ಆದರೂ, ‘ಈ ಬಾಗ್ಲು ಇಷ್ಟು ಎತ್ತರ ಯಾಕಿಟ್ರು ಅಂತೀಯ? ವೆಂಕಣ್ಣಯ್ಯೋರು ಬಗ್ಗದೆ ಬರ್ಲಿ ಅಂತ’ ಎಂದು ಅವನು ಕಣ್ಣಾರೆ ಕಂಡವನ ಹಾಗೆ ಹೇಳುವನು. ವೆಂಕಣ್ಣಯ್ಯನವರ ಎತ್ತರದ ನಿಲುವು, ಭಾರಿ ಮೈಕಟ್ಟು, ಮೆದು ಮಾತು ಆ ತಲೆಮಾರಿನವರೆಲ್ಲ ನೆನೆಯುವ ಸಂಗತಿ. ಅವರು ಮತ್ತು ಎ.ಆರ್. ಕೃಷ್ಣಶಾಸ್ತ್ರಿಗಳು ಸೇರಿ ಕನ್ನಡದ ಅಶ್ವಿನೀದೇವತೆಗಳು ಎನಿಸಿಕೊಂಡವರು. ಬಾಗಿಲು ಮಾತ್ರ ವೆಂಕಣ್ಣಯ್ಯನವರು ಇನ್ನೂ ಮಗುವಾಗಿದ್ದಾಗಲೇ ಇಟ್ಟದ್ದು ಎಂದು ನಾನೊಮ್ಮೆ ಲೆಕ್ಕ ಹಾಕಿ ತೋರಿಸಿದೆ. ‘ಇರ್ಬೋದು ಬಿಡು. ಯಾರಿಗೆ ಅಂತ ಗೊತ್ತಿಲ್ದೆ ಇಟ್ಟಿರ್ತಾರೆ, ಆಮೇಲೆ ತಕ್ಕೋರು ಬರ್ತಾರೆ’ ಎಂದು ಬೀಡಿ ಹಚ್ಚಿದ.

ತಕ್ಕವರು ಬಂದದ್ದೇನೋ ನಿಜ. 1927ರಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಅದುವರೆಗೆ ಕನ್ನಡದಲ್ಲಿ ಅಷ್ಟು ದೊಡ್ಡ ಓದು ಸಾಧ್ಯವೆಂದು ನಂಬಿದವರು ಕಡಿಮೆ. ಆ ಮೊದಲ ತಂಡದಲ್ಲಿ ಕುವೆಂಪು ಇದ್ದರು, ಡಿ.ಎಲ್. ನರಸಿಂಹಾಚಾರ್ ಇದ್ದರು. ಪಾಠ ಹೇಳಿದವರಲ್ಲಿ ವೆಂಕಣ್ಣಯ್ಯನವರಿದ್ದರು. ಕುವೆಂಪು ಮುಂದೆ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ. 1929ರಲ್ಲಿ ಇಲ್ಲಿಯೇ ಅಧ್ಯಾಪಕರಾಗಿ ಸೇರಿದ ಕುವೆಂಪು 1955ರಲ್ಲಿ ಇದೇ ಕಾಲೇಜಿನ ಪ್ರಿನ್ಸಿಪಾಲರಾದರು, ಮರುವರ್ಷ ವಿಶ್ವವಿದ್ಯಾನಿಲಯದ ಕುಲಪತಿ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಗಂಟೆಯಣ್ಣನಿಗೆ ಅವರು ಬಿಳಿ ಪಂಚೆ, ಬಿಳಿ ಜುಬ್ಬದಲ್ಲಿ ಕಾರಿಡಾರಿನ ಆ ತುದಿಯಿಂದ ನಡೆದು ಬರುವುದೇ ದೊಡ್ಡ ದೃಶ್ಯ. ‘ಮಾತಿಲ್ಲ ಕತೆಯಿಲ್ಲ. ಅವರು ಬಂದ್ರು ಅಂದ್ರೆ ಕಾರಿಡಾರು ತಾನಾಗೇ ಎರಡು ಭಾಗ ಆಗೋದು.’

ಜೂನಿಯರ್ ಬಿ.ಎ. ಹಾಲ್ ಎಂದರೆ ಹಳಬರ ಮುಖ ಈಗಲೂ ಅರಳುತ್ತದೆ. ಹೆಸರಿಗೆ ಬಿ.ಎ. ತರಗತಿಯ ಕೋಣೆ. ಸಂಜೆಯಾದರೆ ಅದೇ ಊರಿನ ಸಭೆ. ಸಾಹಿತ್ಯ ಸಂಘದ ಉಪನ್ಯಾಸ, ಚರ್ಚಾಕೂಟ, ಕವಿಗೋಷ್ಠಿ ಎಲ್ಲಕ್ಕೂ ಅದೇ ಜಾಗ. ಕಾಲೇಜಿಗೆ ಸಂಬಂಧಪಡದವರೂ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಕೇಳುವವರು ಹೆಚ್ಚಾದರೆ ಬಾಗಿಲ ಹೊರಗೆ ಇನ್ನೊಂದು ಸಭೆ. ಒಳಗಿದ್ದವರು ಚಪ್ಪಾಳೆ ಹೊಡೆದರೆ ಹೊರಗಿದ್ದವರೂ ಹೊಡೆಯುವರು, ಯಾಕೆಂದು ಆಮೇಲೆ ಕೇಳಿಕೊಳ್ಳುವರು. ನಮ್ಮ ಕಾಲಕ್ಕೂ ಆ ಹಾಲಿನ ಡೆಸ್ಕುಗಳ ಮೇಲೆ ಹಳಬರು ಕೊರೆದ ಹೆಸರುಗಳಿದ್ದವು. ನಾನು ಕೂರುತ್ತಿದ್ದ ಜಾಗದಲ್ಲಿ ಕೈವಾರದ ಮುಳ್ಳಿನಿಂದ ಕೆತ್ತಿದ ಒಂದು ಇಂಗ್ಲಿಷ್ ಅಕ್ಷರ, ಅದರ ಪಕ್ಕ ಒಂದು ಹೃದಯ, ಅದನ್ನು ಹೊಡೆದುಹಾಕಿದ ಎರಡು ಗೀಟು. ಮಸಿ ಇಳಿದು ಇಳಿದು ಆ ಗೀಟುಗಳು ಕಪ್ಪಾಗಿದ್ದವು. ಬೇಸರದ ಪಾಠದಲ್ಲಿ ಅದರ ಮೇಲೆ ಪೆನ್ನು ಓಡಿಸದ ಹುಡುಗನೇ ಇರಲಿಲ್ಲವೆಂದು ಕಾಣುತ್ತದೆ.

ಇಲ್ಲಿ ಆಡಿದ ಮಾತು ಇಲ್ಲಿಗೇ ನಿಲ್ಲಲಿಲ್ಲ. ಮೈಸೂರು ಹಿರಿಯಣ್ಣನವರು ವರ್ಷಗಟ್ಟಲೆ ಮಾಡಿದ ಪಾಠಗಳೇ 1932ರಲ್ಲಿ ಭಾರತೀಯ ತತ್ತ್ವಶಾಸ್ತ್ರದ ಬಗೆಗಿನ ಅವರ ಪ್ರಸಿದ್ಧ ಇಂಗ್ಲಿಷ್ ಪುಸ್ತಕಕ್ಕೆ ಆಧಾರವಾದವು. ಲಂಡನ್ನಿನಲ್ಲಿ ಅಚ್ಚಾದ ಆ ಪುಸ್ತಕವನ್ನು ಇಂದಿಗೂ ದೇಶವಿದೇಶದ ತರಗತಿಗಳಲ್ಲಿ ಓದುತ್ತಾರೆ. ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರು. ಪಾಠದಲ್ಲಿ ಬಂದ ಇಂಗ್ಲಿಷ್ ಕವಿತೆಗಳ ಸೊಗಸು ಕನ್ನಡಕ್ಕೂ ಬರಬೇಕೆಂದು ‘ಇಂಗ್ಲಿಷ್ ಗೀತಗಳು’ ಬರೆದು ಹೊಸ ಕಾವ್ಯಕ್ಕೆ ದಾರಿ ಮಾಡಿದರು. ಮುಂದೆ ವಿಶ್ವವಿದ್ಯಾನಿಲಯ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ ಮೇಷ್ಟ್ರುಗಳನ್ನೇ ಊರೂರಿಗೆ ಕಳಿಸಿತು. ಆ ಉಪನ್ಯಾಸಗಳು ಸಣ್ಣ ಪುಸ್ತಕಗಳಾಗಿ ಬಂದವು. ನಮ್ಮ ಹಳ್ಳಿಯ ಶಾಲೆಯ ಬೀರುವಿನಲ್ಲಿ ಗೆದ್ದಲು ತಿಂದ ಅಂಥ ಪುಸ್ತಕಗಳ ಒಂದು ಕಂತೆ ಇತ್ತು. ಆದರೆ ಮಹಾರಾಜ ಕಾಲೇಜು ಎಂಬ ಹೆಸರು ನಾನು ಮೊದಲು ಕೇಳಿದ್ದು ಪುಸ್ತಕದಿಂದಲ್ಲ, ಇಲ್ಲಿ ಪರೀಕ್ಷೆಯಲ್ಲಿ ಫೇಲಾಗಿ ಊರಿಗೆ ಮರಳಿದ ಸೋದರಮಾವನಿಂದ. ಫೇಲಾದರೂ ಆತ ಕಾಲೇಜಿನ ಬಗ್ಗೆ ಒಂದು ಕೆಟ್ಟ ಮಾತು ಆಡಿದವನಲ್ಲ.

ಮಾತನ್ನು ಬಾಗಿಲಾಚೆ ಕಳಿಸುವ ಕೆಲಸವನ್ನು ಎಲ್ಲರಿಗಿಂತ ದೂರ ಒಯ್ದವರು ಇಲ್ಲಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಓದಿ ಬಂದು, 1920ರ ದಶಕದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದವರು. 1935ರ ಸೆಪ್ಟೆಂಬರ್ 10ರಂದು ಅವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಪ್ರಸಾರ ಶುರುಮಾಡಿದರು. ಮೊದಲ ದಿನ ಕವಿತೆ ಓದಿದವರು ಕುವೆಂಪು ಎಂದು ಹೇಳುತ್ತಾರೆ. ನಿಲಯದ ಹೆಸರು ಆಕಾಶವಾಣಿ. ಆ ಹೆಸರು ಸೂಚಿಸಿದವರು ಇಲ್ಲಿಯೇ ಚರಿತ್ರೆ ಪಾಠ ಹೇಳುತ್ತಿದ್ದ, ನಗೆಬರಹಗಾರ ನಾ. ಕಸ್ತೂರಿ ಎಂದು ಒಂದು ಪಂಗಡ. ಅಲ್ಲ, ಅದು ಗೋಪಾಲಸ್ವಾಮಿಯವರ ಮನೆಯಲ್ಲೇ ಹುಟ್ಟಿದ್ದು ಎಂದು ಇನ್ನೊಂದು ಪಂಗಡ. ಎರಡೂ ಪಂಗಡದವರು ಮಹಾರಾಜ ಕಾಲೇಜಿನವರೇ ಆದ್ದರಿಂದ ಗೆದ್ದದ್ದಂತೂ ಕಾಲೇಜು. ಮುಂದೆ ಇಡೀ ದೇಶದ ರೇಡಿಯೊಗೆ ಅದೇ ಹೆಸರಾಯಿತು.

ಕಟ್ಟಡದ ಮಹಡಿ ಮೆಟ್ಟಿಲಿಗೂ ಒಂದು ಕತೆಯಿದೆ. 1930ರಲ್ಲಿ ಇಲ್ಲಿ ಬಿ.ಎ. ಮುಗಿಸಿದ ಆರ್.ಕೆ. ನಾರಾಯಣ್, ಎಂ.ಎ. ಸೀಟಿಗೆ ಅರ್ಜಿ ಕೊಡಲು ಮೆಟ್ಟಿಲು ಹತ್ತುತ್ತಿದ್ದಾಗ ಅರ್ಧದಲ್ಲಿ ಗೆಳೆಯನೊಬ್ಬ ಸಿಕ್ಕನಂತೆ. ಸಾಹಿತ್ಯದ ಮೇಲಿನ ಆಸೆಯೇ ಹೊರಟುಹೋಗಬೇಕೆಂದಿದ್ದರೆ ಎಂ.ಎ. ಮಾಡು ಎಂದು ವಾದಿಸಿ ಅವರನ್ನು ಹಿಂದಕ್ಕೆ ಕಳಿಸಿದನಂತೆ. ಇದನ್ನು ನಾರಾಯಣ್ ತಮ್ಮ ಆತ್ಮಕತೆಯಲ್ಲೇ ಹೇಳಿಕೊಂಡಿದ್ದಾರೆ. ನಮ್ಮ ಕಾಲದಲ್ಲಿ ಪರೀಕ್ಷೆ ಶುಲ್ಕ ಕಟ್ಟಲು ಹಿಂದೆಮುಂದೆ ನೋಡುವವರೆಲ್ಲ ಮೆಟ್ಟಿಲ ಮೇಲೆ ಕೂತು ಈ ಕತೆಯನ್ನೇ ಆಧಾರವಾಗಿ ಎತ್ತುತ್ತಿದ್ದರು. ನಾರಾಯಣರ ಹಾಗೆ ಬರೆಯುವ ಕೈ ಮಾತ್ರ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಎಲ್ಲ ಸದ್ದೂ ಪಾಠದ್ದೇ ಅಲ್ಲ. ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬರಲಿಲ್ಲವೆಂದು 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆಯಿತು. ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ಕಾಲೇಜಿನ ಹತ್ತಿರದ ವೃತ್ತದಲ್ಲಿ ರಾಮಸ್ವಾಮಿ ಎಂಬ ಹೈಸ್ಕೂಲು ಹುಡುಗ ಗುಂಡೇಟಿಗೆ ಬಲಿಯಾದ. ಅಲ್ಲಿಯವರೆಗೆ ದೀಪದ ಕಂಬದ ಲೆಕ್ಕದಲ್ಲಿ ಹೆಸರಿದ್ದ ಆ ಜಾಗ ರಾಮಸ್ವಾಮಿ ವೃತ್ತವಾಯಿತು. ಗಂಟೆಯಣ್ಣ ಆಗ ಹುಡುಗ. ‘ಅವತ್ತು ನಮ್ಮಪ್ಪ ಗಂಟೆ ಹೊಡೆದ್ರೂ ಯಾರೂ ಒಳಗೆ ಬರ್ಲಿಲ್ಲ’ ಎಂಬುದಷ್ಟೇ ಅವನ ಸಾಕ್ಷಿ. ಬೇರೆ ಕತೆಗಳಿಗೆ ಬಾಲ ಸೇರಿಸುತ್ತಿದ್ದವನು ಇದಕ್ಕೆ ಏನೂ ಸೇರಿಸುತ್ತಿರಲಿಲ್ಲ.

ಅದೇ ವರ್ಷ ಬುಲೇವಾರ್ಡಿನ ಆಚೆ ಕ್ರಾಫರ್ಡ್ ಹಾಲ್ ಎದ್ದಿತು. ಸಕಲೇಶಪುರದ ಕಡೆಯ ಪ್ಲಾಂಟರ್ ಒಬ್ಬರ ದೇಣಿಗೆ ಅದಕ್ಕೆ ಮೂಲ. ವಿಶ್ವವಿದ್ಯಾನಿಲಯದ ಆಡಳಿತ ಅಲ್ಲಿಗೆ ಹೋಯಿತು. ನಮ್ಮ ಹುಡುಗರ ಪಾಲಿಗೆ ಕ್ರಾಫರ್ಡ್ ಹಾಲ್ ಎಂದರೆ ಮಾರ್ಕ್ಸ್ ಕಾರ್ಡು, ಕ್ಯೂ, ‘ನಾಳೆ ಬನ್ನಿ’. 1960ರಲ್ಲಿ ಕುವೆಂಪು ಕುಕ್ಕರಹಳ್ಳಿ ಕೆರೆಯಾಚೆ ಸ್ನಾತಕೋತ್ತರ ವಿಭಾಗಗಳಿಗೆ ಹೊಸ ನೆಲೆ ಕಟ್ಟಿ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಒಂದೊಂದೇ ವಿಭಾಗ ಅತ್ತ ಸರಿಯಿತು. ದೊಡ್ಡ ಹೆಸರಿನ ಮೇಷ್ಟ್ರುಗಳೂ ಹೋದರು, ಪುಸ್ತಕದ ಬೀರುಗಳೂ ಹೋದವು. ಹಳೆಯ ಕಟ್ಟಡಕ್ಕೆ ಉಳಿದದ್ದು ಬಿ.ಎ. ಹುಡುಗರು. ಹಳಬರು ಇದನ್ನು ಇಳಿಗಾಲವೆಂದು ಕರೆಯುವುದುಂಟು. ನಾನು ಒಪ್ಪುವುದಿಲ್ಲ. ಮಂಡ್ಯ, ಹುಣಸೂರು, ನಂಜನಗೂಡು, ಕೊಳ್ಳೇಗಾಲದ ಹಳ್ಳಿಗಳಿಂದ ಮನೆಗೇ ಮೊದಲ ಕಾಲೇಜು ಮೆಟ್ಟಿಲು ಹತ್ತಿದ ನಮ್ಮಂಥವರು ಈ ಕಂಬಗಳ ನಡುವೆ ತುಂಬಿಕೊಂಡದ್ದು ಆಮೇಲೆಯೇ. ಕಂಬಕ್ಕೆ ಒರಗಿ ನಿಂತವನನ್ನು ಯಾವ ಊರು, ಯಾರ ಮಗ ಎಂದು ಕೇಳದೆ ಕಿಟಕಿಯ ಕಡೆ ಕಳಿಸುವ ಅಟೆಂಡರ್ ಇರುವವರೆಗೆ ಯಾವ ಇಳಿಗಾಲ?

ಈಚೆಗೆ ಹೋದಾಗ ಒಂದು ಗೋಡೆಯ ಮೂಲೆಯಲ್ಲಿ ಗಿಲಾವು ಉದುರಿ ಒಳಗಿನ ಇಟ್ಟಿಗೆ ಕಾಣುತ್ತಿತ್ತು. ಈಗಿನ ಇಟ್ಟಿಗೆಗಿಂತ ತೆಳು, ನಡುವೆ ಬೆರಳು ದಪ್ಪದ ಸುಣ್ಣದ ಗಾರೆ. ಉಗುರಿನಿಂದ ಕೆರೆದರೆ ಬಿಳಿಪುಡಿ, ಅದರಲ್ಲಿ ಅಲ್ಲಲ್ಲಿ ಕೆಂಪು ಚೂರು. ಸುಣ್ಣ, ಮರಳು, ಇಟ್ಟಿಗೆ ಪುಡಿ ಸೇರಿಸಿ ಗಾಣದಲ್ಲಿ ಅರೆದು ಮಾಡಿದ ಗಾರೆ ಇದು. ಬೆಲ್ಲದ ನೀರೂ ಹಾಕುತ್ತಿದ್ದರೆಂದು ಹಳೆಯ ಗಾರೆ ಕೆಲಸದವರು ಹೇಳುತ್ತಾರೆ. ಇಂಥ ಗೋಡೆ ಮಳೆಗಾಲದಲ್ಲಿ ತೇವ ಕುಡಿದು ಬಿಸಿಲಿಗೆ ಬಿಡುತ್ತದೆ. ಮೇಲೆ ಸಿಮೆಂಟು ಬಳಿದರೆ ಆ ತೇವಕ್ಕೆ ಹೊರಗೆ ಬರಲು ದಾರಿಯಿಲ್ಲ, ಒಳಗೇ ಕೂತು ಗಾರೆಯನ್ನು ಸಡಿಲ ಮಾಡುತ್ತದೆ. ತಾರಸಿಯ ಬಿರುಕಿನಲ್ಲಿ ಹುಟ್ಟಿದ ಅರಳಿ ಸಸಿಯನ್ನು ಬೇರು ಸಮೇತ ತೆಗೆಯದೆ ಮೇಲಷ್ಟೇ ಕಡಿದರೂ ಅಷ್ಟೇ ಕೇಡು. ಇದು ಹೆದರಿಸುವ ಮಾತಲ್ಲ. 2012ರ ಆಗಸ್ಟಿನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಭಾಗ ಮಳೆಗೆ ನೆನೆದು ಬಿತ್ತು. ಊರಿಗೆ ಪಾರಂಪರಿಕ ನಗರಿ ಎಂದು ಬಿರುದಿದೆ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯನ್ನು ಹುಡುಕಿ ಕರೆತರುವ ವ್ಯವಧಾನವೂ ಬಿರುದಿನ ಜೊತೆಗೇ ಬರಬೇಕು.

ಗೋಡೆಗಾದರೂ ಗಾರೆ ಇದೆ. ಗಂಟೆಯಣ್ಣನಂಥವರು ಹೇಳಿದ್ದನ್ನು ಯಾರೂ ಬರೆದಿಡಲಿಲ್ಲ. ಅವನು ನಿವೃತ್ತನಾದ, ಆಮೇಲೆ ಇಲ್ಲವಾದ. ನೂರು ವರ್ಷದ ಸ್ಮರಣ ಸಂಚಿಕೆಗಳಲ್ಲಿ ಕುಲಪತಿಗಳ ಫೋಟೊ ಸಾಲಾಗಿ ಬರುತ್ತವೆ, ಪ್ರಿನ್ಸಿಪಾಲರ ಪಟ್ಟಿ ಬರುತ್ತದೆ. ಯಾವ ಕಿಟಕಿಯ ಹತ್ತಿರ ನಿಂತರೆ ಪಾಠ ಚೆನ್ನಾಗಿ ಕೇಳುತ್ತದೆ ಎಂಬುದು ಯಾವ ಸಂಚಿಕೆಯಲ್ಲೂ ಇಲ್ಲ.

ಕಳೆದ ವರ್ಷ ನಮ್ಮ ಓರಗೆಯವರು ಕೆಲವರು ಹೋಟೆಲೊಂದರಲ್ಲಿ ಕೂಡಿದ್ದೆವು. ನಮಗೆ ಪಾಠ ಮಾಡಿದ ಮೇಷ್ಟ್ರೊಬ್ಬರೂ ಬಂದಿದ್ದರು. ಮಾತು ರಾಧಾಕೃಷ್ಣನ್ ಅವರ ಕಡೆ ತಿರುಗಿತು. 1918ರಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದ ಅವರು 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಗಾಡಿಗೆ ಹೂ ಕಟ್ಟಿ, ಕುದುರೆ ಬಿಚ್ಚಿ, ರೈಲ್ವೆ ಸ್ಟೇಷನ್‌ವರೆಗೆ ತಾವೇ ಎಳೆದುಕೊಂಡು ಹೋದರೆಂಬುದು ಎಲ್ಲರೂ ಬಲ್ಲ ಸಂಗತಿ. ನಮ್ಮ ಜಗಳ ಗಾಡಿಯದು. ಸಾರೋಟು ಎಂದ ಒಬ್ಬ. ಮೇಷ್ಟ್ರ ಸಂಬಳಕ್ಕೆ ಎಲ್ಲಿಯ ಸಾರೋಟು, ಜಟಕಾ ಎಂದ ಇನ್ನೊಬ್ಬ. ಹೊರಟದ್ದು ಕಾಲೇಜಿನಿಂದ ಎಂದು ನಾನು, ಅವರ ಮನೆಯಿಂದ ಎಂದು ಮತ್ತೊಬ್ಬ. ‘ನಂಗೆ ಗಂಟೆಯಣ್ಣನೇ ಹೇಳಿದ್ದು’ ಎಂದು ಇಬ್ಬರು ಬೇರೆ ಬೇರೆ ಸಾಕ್ಷ್ಯಕ್ಕೆ ಒಬ್ಬನನ್ನೇ ಕರೆದರು.

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು ನಕ್ಕರು. ‘ಅಲ್ರಯ್ಯಾ, ಅದು ನಡೆದಾಗ ನಿಮ್ಮಪ್ಪಂದಿರಿಗೇ ಮೀಸೆ ಬಂದಿರ್ಲಿಲ್ಲ. ನೀವೇ ಎಳೆದೋರ ಹಾಗೆ ಜಗಳ ಆಡ್ತಿದೀರಲ್ಲ!’

‘ಇರ್ಲಿ ಸಾರ್, ನೀವು ಹೇಳಿ. ಸಾರೋಟೋ ಜಟಕಾನೋ?’

‘ಜಟಕಾ ಕಣಯ್ಯ. ನಮ್ಮ ಮೇಷ್ಟ್ರು ಹೇಳಿದ್ರು,’ ಎಂದ ಅವರು, ಸ್ಟೇಷನ್ನಿಗೆ ಯಾವ ರಸ್ತೆಯಲ್ಲಿ ಹೋದರೆಂದು ಮೇಜಿನ ಮೇಲೆ ಚಮಚ, ಉಪ್ಪಿನ ಡಬ್ಬಿ ಇಟ್ಟು ತೋರಿಸತೊಡಗಿದರು. ಅರ್ಧ ದಾರಿಗೆ ಬರುವಷ್ಟರಲ್ಲಿ, ಆ ರಸ್ತೆ ಆಗ ಇರಲೇ ಇಲ್ಲ ಎಂದು ಯಾರೋ ತಕರಾರು ತೆಗೆದರು. ಮುಂದಿನ ಸಲ ಹಳೆಯ ನಕ್ಷೆ ತರುವ ಸವಾಲಿನೊಂದಿಗೆ ನಾವು ಬಿಲ್ಲು ಕೊಟ್ಟು ಎದ್ದೆವು.